ವೆದರ್‌ಫೋರ್ಡಿನ ಮೇರಿ

ಊರಿನಿಂದ ನೆಂಟರು ಡಾಲಸ್‌ಗೆ ಬಂದರೆ ಎಲ್ಲೆಲ್ಲಿಗೆ ಕರೆದುಕೊಂಡು ಹೋಗಬೇಕು ಎನ್ನುವುದಕ್ಕೆ ನಮ್ಮ ಕನ್ನಡದ ಮನೆಗಳಲ್ಲಿ ಒಂದು ಸಿದ್ಧ ಪಟ್ಟಿ ಇದೆ. ಅಧ್ಯಕ್ಷ ಕೆನಡಿಯವರಿಗೆ ಗುಂಡೇಟು ಬಿದ್ದ ಡೀಲಿ ಪ್ಲಾಜಾ, ಫೋರ್ಟ್ ವರ್ತ್‌ನಲ್ಲಿ ಉದ್ದ ಕೊಂಬಿನ ದನಗಳ ಮೆರವಣಿಗೆ, ಕೊನೆಗೆ ಪ್ಲೇನೊ ಪಕ್ಕದ ಸೌತ್‌ಫೋರ್ಕ್ ರಾಂಚ್. ಡಾಲಸ್ ಎಂಬ ಹೆಸರಿನದೇ ಟಿ.ವಿ. ಧಾರಾವಾಹಿಯಲ್ಲಿ ಜೆ. ಆರ್. ಯೂಯಿಂಗ್ ಎಂಬ ಎಣ್ಣೆ ದೊರೆಯ ಮನೆಯಾಗಿ ಕಾಣಿಸಿಕೊಂಡದ್ದು ಆ ರಾಂಚ್. ಆ ಪಾತ್ರ ಮಾಡಿದವರು ಲ್ಯಾರಿ ಹ್ಯಾಗ್‌ಮನ್. ಆ ಬಿಳಿ ಮನೆಯ ಮುಂದೆ ಎಷ್ಟು ಜನ ಅತ್ತೆ, ಮಾವ, ಚಿಕ್ಕಮ್ಮಂದಿರನ್ನು ನಿಲ್ಲಿಸಿ ಫೋಟೊ ತೆಗೆದಿದ್ದೇನೋ ಲೆಕ್ಕವಿಲ್ಲ. ಆದರೆ ಆ ನಟನ ತಾಯಿ, ಒಂದು ಕಾಲಕ್ಕೆ ಅಮೆರಿಕದ ರಂಗಭೂಮಿಯಲ್ಲೂ ಟಿ.ವಿ.ಯಲ್ಲೂ ಬಹು ದೊಡ್ಡ ಹೆಸರಾಗಿದ್ದವರು, ನಮ್ಮ ಮನೆಯಿಂದ ಒಂದೂವರೆ ಗಂಟೆಯ ದಾರಿಯಲ್ಲಿ ಹುಟ್ಟಿ ಬೆಳೆದರು ಎನ್ನುವುದು ನನಗೆ ತಿಳಿದದ್ದು ಈ ವರ್ಷ. ಅದೂ ನಮ್ಮ ಶಾಲೆಯ ಮಕ್ಕಳಿಂದ.

ಕೊನೆಯ ತರಗತಿಯ ಮಕ್ಕಳಿಗೆ ನಾನು ಪ್ರತಿವರ್ಷ ಒಂದು ಕೆಲಸ ಕೊಡುತ್ತೇನೆ. ಟೆಕ್ಸಸ್‌ಗೆ ಸೇರಿದ ಒಬ್ಬ ಹೆಸರಾಂತ ವ್ಯಕ್ತಿಯ ಬಗ್ಗೆ ಐದು ನಿಮಿಷ ಕನ್ನಡದಲ್ಲಿ ಮಾತಾಡಬೇಕು, ಚೀಟಿ ನೋಡುವ ಹಾಗಿಲ್ಲ. ಕನ್ನಡ ಶಾಲೆಯಲ್ಲಿ ಟೆಕ್ಸಸ್‌ನವರೇಕೆ ಎಂದು ಕೆಲವು ಪೋಷಕರು ಕೇಳಿದ್ದುಂಟು. ಕಾರಣ ಸರಳ. ಕುವೆಂಪು ಬಗ್ಗೆ, ಡಾ. ರಾಜ್‌ ಬಗ್ಗೆ ಎಂದರೆ ಮನೆಯಲ್ಲಿ ಅಪ್ಪ ಅಮ್ಮ ಬರೆದುಕೊಟ್ಟದ್ದನ್ನು ಮಕ್ಕಳು ಗಿಳಿಪಾಠ ಒಪ್ಪಿಸುತ್ತಾರೆ. ಇಲ್ಲಿನವರ ಬಗ್ಗೆ ಎಂದರೆ ಅಪ್ಪ ಅಮ್ಮನಿಗೂ ಗೊತ್ತಿರುವುದಿಲ್ಲ. ಮಕ್ಕಳೇ ಕೂತು ವಾಕ್ಯ ಕಟ್ಟಬೇಕು. ಈ ವರ್ಷ ಒಬ್ಬ ಹುಡುಗ ಲ್ಯಾರಿ ಹ್ಯಾಗ್‌ಮನ್‌ರನ್ನು ಆರಿಸಿಕೊಂಡ. ಮಾತಿನ ನಡುವೆ ತಾಯಿಯ ಹೆಸರು ಮೇರಿ ಮಾರ್ಟಿನ್, ಅವರೂ ನಟಿ, ಮಗ ಅಜ್ಜಿಯ ಹತ್ತಿರ ಬೆಳೆದ ಎಂದು ಎರಡೇ ವಾಕ್ಯದಲ್ಲಿ ಮುಗಿಸಿದ. ಆ ಎರಡನೆಯ ವಾಕ್ಯ ನನ್ನೊಳಗೆ ಎಲ್ಲೋ ಸಿಕ್ಕಿಕೊಂಡಿತು. ಯಾಕೆಂದು ಮುಂದೆ ಹೇಳುತ್ತೇನೆ. ಅಂದಿನಿಂದ ನಾನು ಮೇರಿಯವರ ಬೆನ್ನು ಹತ್ತಿದೆ.

ಮೇರಿ ಮಾರ್ಟಿನ್ ಹುಟ್ಟಿದ್ದು 1913ರ ಡಿಸೆಂಬರ್ 1ರಂದು, ವೆದರ್‌ಫೋರ್ಡ್‌ನಲ್ಲಿ. ಫೋರ್ಟ್ ವರ್ತ್ ದಾಟಿ ಪಶ್ಚಿಮಕ್ಕೆ ಸುಮಾರು ಮೂವತ್ತು ಮೈಲಿ ಹೋದರೆ ಸಿಗುವ ಊರು ಅದು. ನಡುವೆ ಹಳೆಯ ಕಲ್ಲಿನ ಕೋರ್ಟ್ ಕಟ್ಟಡ, ಸುತ್ತ ಅಂಗಡಿಗಳು, ಬೇಸಿಗೆಯಲ್ಲಿ ಪೀಚ್ ಹಣ್ಣು. ತಂದೆ ವಕೀಲರು. ತಾಯಿ ಪಿಟೀಲು ಕಲಿಸುವ ಟೀಚರು. ಶನಿವಾರ ಸಂಜೆ ಕೋರ್ಟಿನ ಹೊರಗಿನ ಬ್ಯಾಂಡ್ ಕಟ್ಟೆಯ ಮೇಲೆ ಮೂವರು ಪುಟ್ಟ ಹುಡುಗಿಯರು ಒಂದೇ ಥರದ ಉಡುಪು ತೊಟ್ಟು ಹಾಡುತ್ತಿದ್ದರು. ಅವರಲ್ಲಿ ಮೇರಿ ಒಬ್ಬರು. ಮೈಕು ಇಲ್ಲದ ಕಾಲ. ಊರಿನ ಗದ್ದಲದ ಮೇಲೆ ತನ್ನ ದನಿ ಕೊನೆಯ ಸಾಲಿನವರಿಗೂ ಕೇಳಬೇಕು ಎನ್ನುವ ಅಭ್ಯಾಸ ಅವರಿಗೆ ಅಲ್ಲೇ ಆಯಿತು.

ಹದಿನೇಳು ತುಂಬುವ ಮೊದಲೇ, 1930ರಲ್ಲಿ, ಓದುತ್ತಿದ್ದ ಶಾಲೆ ಬಿಟ್ಟು ಬೆಂಜಮಿನ್ ಹ್ಯಾಗ್‌ಮನ್ ಎಂಬವರನ್ನು ಮದುವೆಯಾದರು. 1931ರ ಸೆಪ್ಟೆಂಬರ್‌ನಲ್ಲಿ ಫೋರ್ಟ್ ವರ್ತ್‌ನಲ್ಲಿ ಮಗ ಲ್ಯಾರಿ ಹುಟ್ಟಿದ. ಹದಿನೇಳರ ತಾಯಿ. ಕೂಸನ್ನು ನೋಡಿಕೊಂಡದ್ದು ಹೆಚ್ಚಾಗಿ ಮೇರಿಯ ಅಮ್ಮ. ಮನೆಯಲ್ಲಿ ಕೂತು ಮಂಕಾಗಿದ್ದ ತಂಗಿಗೆ ಅಕ್ಕ ಒಂದು ಉಪಾಯ ಹೇಳಿದಳು: ಊರಿನ ಮಕ್ಕಳಿಗೆ ಡ್ಯಾನ್ಸ್ ಹೇಳಿಕೊಡು. ಮೇರಿಗೆ ಆಗ ಬರುತ್ತಿದ್ದದ್ದು ಅಕ್ಕ ಕಲಿಸಿದ ಕೆಲವೇ ಹೆಜ್ಜೆಗಳು. ಅದನ್ನೇ ಹೇಳಿಕೊಟ್ಟರು. ಧಾನ್ಯದ ಗೋದಾಮಿನ ಅಟ್ಟವೇ ಶಾಲೆಯಾಯಿತು. ಮಕ್ಕಳು ಹೆಚ್ಚಿದಾಗ ತನಗೆ ತಿಳಿದದ್ದು ಸಾಲದು ಎನ್ನಿಸಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಕಲಿತು ಬಂದರು.

ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮ ಶಾಲೆ ಶುರುವಾದದ್ದೂ ಹೀಗೇ ಅಲ್ಲವೇ? ಸಾಫ್ಟ್‌ವೇರ್ ಪರೀಕ್ಷೆ ಮಾಡಿ ಹೊಟ್ಟೆ ಹೊರೆಯುವ ನಾನು ವಿಭಕ್ತಿ ಪ್ರತ್ಯಯವನ್ನು ಶುಕ್ರವಾರ ರಾತ್ರಿ ಓದಿಕೊಂಡು ಶನಿವಾರ ಬೆಳಿಗ್ಗೆ ಮಕ್ಕಳಿಗೆ ಹೇಳಿಕೊಟ್ಟವಳು. ಮಕ್ಕಳಿಗಿಂತ ಒಂದೇ ಒಂದು ಪಾಠ ಮುಂದೆ ಇರುವುದೇ ನಮ್ಮ ಅರ್ಹತೆ. ಮೇರಿಯವರ ಅರ್ಹತೆಯೂ ಅಷ್ಟೇ ಇತ್ತು.

ವೆದರ್‌ಫೋರ್ಡ್‌ಗೆ ಹತ್ತಿರದ ಮಿನರಲ್ ವೆಲ್ಸ್ ಎಂಬ ಊರು ಆಗ ಔಷಧಿ ನೀರಿನ ಬಾವಿಗಳಿಗೆ ಹೆಸರುವಾಸಿ. ಅಲ್ಲಿ ಕಲಿಸಲು ಅವರಿಗೆ ಒಂದು ದೊಡ್ಡ ಹಾಲ್ ಸಿಕ್ಕಿತು. ಪ್ರತಿ ಶನಿವಾರ ಲಾಬಿಯಲ್ಲಿ ಹಾಡಬೇಕು ಎನ್ನುವುದು ಕರಾರು. ಮೈಕಿನ ಮುಂದೆ ಹೇಗೆ ಹಾಡಬೇಕು, ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ಉಸಿರು ಹಿಡಿಯಬೇಕು ಎನ್ನುವುದನ್ನು ಅವರು ಕಲಿತದ್ದು ಆ ಲಾಬಿಯಲ್ಲಿ. ಕ್ಯಾಲಿಫೋರ್ನಿಯಾಕ್ಕೆ ಕಲಿಯಲು ಹೋದಾಗ ಒಮ್ಮೆ ತಪ್ಪಿ ಬೇರೊಂದು ಕೋಣೆಗೆ ನುಗ್ಗಿದರಂತೆ. ಅಲ್ಲಿ ಗಾಯಕಿಯರ ಆಯ್ಕೆ ನಡೆಯುತ್ತಿತ್ತು. ಯಾವ ಶ್ರುತಿ ಎಂದು ಕೇಳಿದರೆ ಉತ್ತರ ಗೊತ್ತಿಲ್ಲ. ಆದರೂ ಹಾಡಿದರು, ಕೆಲಸ ಸಿಕ್ಕಿತು. ಆದರೆ ಆ ಕೆಲಸದಲ್ಲಿ ವೇದಿಕೆಯ ಮೇಲೆ ಬರುವ ಹಾಗಿಲ್ಲ, ಪರದೆಯ ಪಕ್ಕದಲ್ಲಿ ಮರೆಯಲ್ಲಿ ನಿಂತು ಹಾಡಬೇಕು. ಮುಂದೆ ಕೋಟ್ಯಂತರ ಜನ ನೋಡಿದ ಮುಖ ಮೊದಲು ಹೀಗೆ ಮರೆಯಲ್ಲಿ ನಿಂತಿತ್ತು.

ಊರಿನಲ್ಲಿ ಅವರ ಡ್ಯಾನ್ಸ್ ಶಾಲೆಗೆ ಬೆಂಕಿ ಬಿತ್ತು. ಕುಣಿಯುವುದು ಪಾಪ ಎಂದು ನಂಬಿದ್ದ ಒಬ್ಬ ಮನುಷ್ಯ ಹಚ್ಚಿದ ಬೆಂಕಿ. ಹೆಣ್ಣು ವೇದಿಕೆ ಹತ್ತುವುದನ್ನು ಕಂಡರೆ ಆಗದವರು ನಮ್ಮ ಕಡೆ ಮಾತ್ರ ಇದ್ದರು ಎಂದು ನಾನು ಅಂದುಕೊಂಡಿದ್ದೆ. ನಮ್ಮ ಕಂಪನಿ ನಾಟಕಗಳಲ್ಲಿ ಬಹಳ ಕಾಲ ಹೆಣ್ಣು ಪಾತ್ರವನ್ನು ಗಂಡಸರೇ ಮಾಡಿದರು. ಮೇರಿಗಿಂತ ಎರಡು ವರ್ಷ ಚಿಕ್ಕವರಾದ ಬಿ. ಜಯಮ್ಮನವರಂಥವರು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಣ್ಣ ಹಚ್ಚಿ ನಿಂತದ್ದು ಸಣ್ಣ ಮಾತಲ್ಲ. ಭೂಮಿಯ ಆ ಕಡೆ ಈ ಕಡೆ, ಒಂದೇ ಕಾಲದಲ್ಲಿ, ಇಬ್ಬರು ಹುಡುಗಿಯರು ಅದೇ ಹಟ ಹಿಡಿದಿದ್ದರು.

ಶಾಲೆ ಸುಟ್ಟ ಮೇಲೆ ಮೇರಿ ಊರು ಬಿಟ್ಟರು. ಮದುವೆ ಮುರಿದಿತ್ತು, ವಿಚ್ಛೇದನದ ಕೆಲಸವನ್ನು ವಕೀಲರಾಗಿದ್ದ ತಂದೆಯೇ ನಡೆಸಿಕೊಟ್ಟರು. ಮಗನನ್ನು ಅಮ್ಮನಿಗೆ ಒಪ್ಪಿಸಿ ಹಾಲಿವುಡ್‌ಗೆ ಹೋದರು. ಅಲ್ಲಿ ಎಷ್ಟು ಕಡೆ ಆಯ್ಕೆಗೆ ನಿಂತು ವಾಪಸಾದರೆಂದರೆ ಆಡಿಷನ್ ಮೇರಿ ಎಂಬ ಅಡ್ಡಹೆಸರೇ ಬಿತ್ತು. ಕೊನೆಗೆ ಅದೃಷ್ಟ ಕುದುರಿದ್ದು ನ್ಯೂಯಾರ್ಕಿನಲ್ಲಿ. 1938ರ ನವೆಂಬರ್‌ನಲ್ಲಿ ಕೋಲ್ ಪೋರ್ಟರ್ ಅವರ ಲೀವ್ ಇಟ್ ಟು ಮಿ ಎಂಬ ಸಂಗೀತ ನಾಟಕದಲ್ಲಿ ಒಂದು ಸಣ್ಣ ಪಾತ್ರ. ಸೈಬೀರಿಯಾದ ರೈಲು ನಿಲ್ದಾಣದಲ್ಲಿ ತುಪ್ಪಳದ ಕೋಟು ತೊಟ್ಟು ನಿಂತು ಹಾಡುವ ಒಂದೇ ಒಂದು ಹಾಡು. ತುಂಟತನದ ಹಾಡನ್ನು ಏನೂ ಅರಿಯದ ಹಳ್ಳಿ ಹುಡುಗಿಯ ಮುಖದಲ್ಲಿ ಹಾಡಿದರು. ಒಂದೇ ರಾತ್ರಿಯಲ್ಲಿ ಊರೆಲ್ಲ ಅವರ ಹೆಸರು. ಆಗ ಅವರಿಗೆ ಇಪ್ಪತ್ತೈದು ತುಂಬಲು ಕೆಲವೇ ವಾರಗಳಿದ್ದವು.

ಸಿನಿಮಾದವರು ಕರೆದರು. ಪ್ಯಾರಾಮೌಂಟ್ ಕಂಪನಿಗೆ ಕೆಲವು ವರ್ಷ ಚಿತ್ರಗಳನ್ನು ಮಾಡಿದರು. ಬಿಂಗ್ ಕ್ರಾಸ್ಬಿಯಂಥವರ ಜೊತೆ ನಟಿಸಿದರು. ಆದರೆ ಸಿನಿಮಾ ಅವರಿಗೆ ಒಗ್ಗಲಿಲ್ಲ. ಎದುರಿಗೆ ಜನ ಕೂತಿರಬೇಕು, ಅವರು ನಕ್ಕರೆ ತಾನು ಒಂದು ಕ್ಷಣ ತಡೆಯಬೇಕು, ಅವರು ಸುಮ್ಮನಾದರೆ ದನಿ ಇಳಿಸಬೇಕು. ಕ್ಯಾಮೆರಾ ನಗುವುದೂ ಇಲ್ಲ, ಸುಮ್ಮನಾಗುವುದೂ ಇಲ್ಲ. ಆ ದಿನಗಳಲ್ಲಿ ಅವರಿಗೆ ಸಿಕ್ಕ ದೊಡ್ಡ ಲಾಭವೆಂದರೆ ಅದೇ ಕಂಪನಿಯಲ್ಲಿದ್ದ ರಿಚರ್ಡ್ ಹ್ಯಾಲಿಡೇ. 1940ರಲ್ಲಿ ಅವರನ್ನು ಮದುವೆಯಾದರು. ಮುಂದಿನ ವರ್ಷ ಮಗಳು ಹೆಲರ್ ಹುಟ್ಟಿದಳು. ಹ್ಯಾಲಿಡೇ ತಮ್ಮ ಕೆಲಸ ಬಿಟ್ಟು ಜೀವನದುದ್ದಕ್ಕೂ ಹೆಂಡತಿಯ ವ್ಯವಹಾರ ನೋಡಿಕೊಂಡರು. 1943ರಲ್ಲಿ ಒನ್ ಟಚ್ ಆಫ್ ವೀನಸ್ ನಾಟಕದಿಂದ ಮೇರಿ ಮತ್ತೆ ರಂಗಕ್ಕೆ ಬಂದರು. ಆಮೇಲೆ ಹಿಂತಿರುಗಿ ನೋಡಲಿಲ್ಲ.

ಟೆಕ್ಸಸ್‌ನಲ್ಲಿರುವ ನಾವು 1947ನೇ ಇಸವಿಯನ್ನು ನೆನಪಿಡಬೇಕು. ನಮಗೆ ಅದು ಸ್ವಾತಂತ್ರ್ಯದ ವರ್ಷ; ಇಲ್ಲಿನ ರಂಗಭೂಮಿಗೂ ಅದು ದೊಡ್ಡ ವರ್ಷವೇ. ಆ ಬೇಸಿಗೆಯಲ್ಲಿ ಡಾಲಸ್‌ನ ಫೇರ್ ಪಾರ್ಕ್‌ನಲ್ಲಿ ಮಾರ್ಗೊ ಜೋನ್ಸ್ ಎಂಬ ಹೆಣ್ಣುಮಗಳು ಪ್ರೇಕ್ಷಕರು ಸುತ್ತಲೂ ಕೂತು ನೋಡುವ ವೃತ್ತಾಕಾರದ ರಂಗಮಂದಿರ ತೆರೆದರು. ಅಕ್ಟೋಬರ್‌ನಲ್ಲಿ ಹ್ಯೂಸ್ಟನ್‌ನಲ್ಲಿ ನೀನಾ ವಾನ್ಸ್ ಎಂಬ ಇನ್ನೊಬ್ಬ ಹೆಣ್ಣುಮಗಳು ಗುರುತಿದ್ದವರಿಗೆಲ್ಲ ಕಾರ್ಡು ಹಾಕಿ, ಹೊಸ ನಾಟಕ ತಂಡ ಬೇಕೆನ್ನುವವರು ಬನ್ನಿ ಎಂದು ಕರೆದರು. ಒಂದು ಡ್ಯಾನ್ಸ್ ಸ್ಟುಡಿಯೊದಲ್ಲಿ ಶುರುವಾಯಿತು. ಒಳಗೆ ಹೋಗಲು ಕಿರಿದಾದ ಓಣಿಯಿದ್ದುದರಿಂದ ಹೆಸರೂ ಆಲಿ ಥಿಯೇಟರ್ ಎಂದೇ ಆಯಿತು. ಇಂದಿಗೂ ಅದು ನಡೆಯುತ್ತಿದೆ. ಅದೇ ಅಕ್ಟೋಬರ್‌ನ ಮೊದಲ ವಾರ ಮೇರಿ ಮಾರ್ಟಿನ್ ಡಾಲಸ್‌ಗೆ ಬಂದರು. ಆನಿ ಗೆಟ್ ಯುವರ್ ಗನ್ ನಾಟಕದಲ್ಲಿ ಬಂದೂಕು ಹಿಡಿದ ಆನಿ ಓಕ್ಲಿಯಾಗಿ ದೇಶ ಸುತ್ತುವ ಪ್ರವಾಸ ಶುರುವಾದದ್ದು ಇಲ್ಲಿಂದ. ನ್ಯೂಯಾರ್ಕಿನಲ್ಲಿ ಹೆಸರು ಮಾಡಿದ ನಟಿ ಊರೂರು ಅಲೆಯುವುದು ಆಗ ವಾಡಿಕೆಯಲ್ಲ. ರಂಗಭೂಮಿಯನ್ನು ದೇಶದ ಮೂಲೆಗೆ ಒಯ್ದದ್ದಕ್ಕಾಗಿ 1948ರಲ್ಲಿ ಅವರಿಗೆ ವಿಶೇಷ ಟೋನಿ ಪ್ರಶಸ್ತಿ ಕೊಟ್ಟರು. ನಮ್ಮ ಕಂಪನಿಗಳು ಜಾತ್ರೆಯಿಂದ ಜಾತ್ರೆಗೆ ಡೇರೆ ಹೊತ್ತು ಹೋದದ್ದನ್ನು ಕೇಳಿ ಬೆಳೆದ ನನಗೆ ಇದು ಪರಿಚಿತ ಕಥೆಯಂತೆಯೇ ಕೇಳಿಸಿತು.

1949ರ ಏಪ್ರಿಲ್ 7ರಂದು ನ್ಯೂಯಾರ್ಕಿನಲ್ಲಿ ಸೌತ್ ಪೆಸಿಫಿಕ್ ಶುರುವಾಯಿತು. ರಾಜರ್ಸ್ ಮತ್ತು ಹ್ಯಾಮರ್‌ಸ್ಟೈನ್ ಜೋಡಿಯ ಈ ನಾಟಕದಲ್ಲಿ ಮೇರಿ ಯುದ್ಧಕಾಲದ ನರ್ಸ್. ಅರ್ಕಾನ್ಸಾದ ಲಿಟಲ್ ರಾಕ್ ಊರಿನ ಹುಡುಗಿ. ಪ್ರೀತಿಸಿದವನ ಮಕ್ಕಳ ತಾಯಿ ಬಿಳಿಯಳಲ್ಲ ಎಂದು ತಿಳಿದಾಗ ಹಿಂದೆ ಸರಿಯುತ್ತಾಳೆ. ಆ ಮೇಲೆ ತನ್ನೊಳಗಿನ ಕೊಳೆಯನ್ನು ತಾನೇ ಕಂಡು ನಾಚುತ್ತಾಳೆ. ದಕ್ಷಿಣದ ರಾಜ್ಯಗಳಲ್ಲಿ ಕರಿಯರಿಗೆ ಬೇರೆ ನಲ್ಲಿ, ಬೇರೆ ಶಾಲೆ ಇದ್ದ ಕಾಲದಲ್ಲಿ ಟೆಕ್ಸಸ್‌ನ ಮಗಳೊಬ್ಬಳು ಈ ಪಾತ್ರ ಮಾಡಿದರು ಎನ್ನುವುದನ್ನು ನಾವು ಮರೆಯಬಾರದು. ಈ ನಾಟಕದಲ್ಲಿ ಅವರು ವೇದಿಕೆಯ ಮೇಲೆಯೇ ನಿಜವಾದ ನೀರು, ಸೋಪಿನಲ್ಲಿ ತಲೆ ತೊಳೆದುಕೊಳ್ಳುತ್ತ ಹಾಡುತ್ತಿದ್ದರು. ವಾರಕ್ಕೆ ಎಂಟು ಪ್ರದರ್ಶನ, ಎಂಟು ಬಾರಿ ತಲೆಸ್ನಾನ! ಅದಕ್ಕಾಗಿ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡರು. 1950ರಲ್ಲಿ ಟೋನಿ ಪ್ರಶಸ್ತಿ ಬಂತು. 1951ರಲ್ಲಿ ಅದೇ ನಾಟಕವನ್ನು ಲಂಡನ್‌ಗೆ ಒಯ್ದರು.

ಇನ್ನು ಟಿ.ವಿ.ಯ ಕಥೆ. ನಾನು ಹುಟ್ಟಿ ಬೆಳೆದ ಸಾಗರದಲ್ಲಿ ನಮ್ಮ ಬೀದಿಗೆಲ್ಲ ಒಂದೇ ಟಿ.ವಿ. ಇದ್ದ ದಿನಗಳು ನನಗೆ ನೆನಪಿವೆ. ಶಂಕರ್‌ನಾಗ್ ಅವರ ಮಾಲ್ಗುಡಿ ಡೇಸ್ ಬರುವ ಹೊತ್ತಿಗೆ ಆ ಮನೆಯ ಜಗಲಿಯಲ್ಲಿ ಚಪ್ಪಲಿ ಇಡಲು ಜಾಗ ಇರುತ್ತಿರಲಿಲ್ಲ. ಆಗುಂಬೆಯಲ್ಲಿ ಚಿತ್ರೀಕರಣವಾಗಿತ್ತೆಂದು ನಮಗೆಲ್ಲ ಅದು ನಮ್ಮದೇ ಮನೆಯ ಕಥೆ ಎನ್ನುವ ಹೆಮ್ಮೆ. ಅಮೆರಿಕದಲ್ಲಿ ಅಂಥ ಸಂಜೆ ಬಂದದ್ದು 1955ರ ಮಾರ್ಚ್ 7ರಂದು.

ಅದರ ಹಿಂದಿನ ವರ್ಷ ಮೇರಿ ಪೀಟರ್ ಪ್ಯಾನ್ ನಾಟಕ ಮಾಡಿದ್ದರು. ದೊಡ್ಡವನಾಗಲು ಒಪ್ಪದ, ಹಾರಾಡುವ ಹುಡುಗ ಪೀಟರ್. ಅವನ ಪಾತ್ರವನ್ನು ಹೆಂಗಸರು ಮಾಡುವುದು ಅಲ್ಲಿನ ಸಂಪ್ರದಾಯ. ನಮ್ಮ ಕಡೆ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸ, ರಾವಣರ ಪಾತ್ರಗಳನ್ನು ತಾವೇ ಮಾಡಿ ಗಂಡಸರನ್ನೂ ಬೆಚ್ಚಿಬೀಳಿಸಿದ್ದು ನೆನಪಾಗುತ್ತದೆ. ನಲವತ್ತು ದಾಟಿದ ಮೇರಿ ಹಸಿರು ಅಂಗಿ ತೊಟ್ಟು ಹುಡುಗನಾಗಿ, ಸೊಂಟಕ್ಕೆ ಪಟ್ಟಿ ಬಿಗಿದು, ಸಪೂರ ತಂತಿಯ ಮೇಲೆ ರಂಗದ ಉದ್ದಗಲಕ್ಕೂ ಹಾರಿದರು. ಕಂಪನಿ ನಾಟಕದಲ್ಲಿ ಮೇಲಿನಿಂದ ನಾರದ ಇಳಿಯುವುದನ್ನು ನೋಡಿದವರಿಗೆ ಈ ತಂತಿಯ ಗುಟ್ಟು ಗೊತ್ತು. ಆದರೆ ಇಳಿಯುವುದು ಬೇರೆ, ಹಾಡುತ್ತ ಹಾರುವುದು ಬೇರೆ. ಮನೆಯ ಕೆಲಸದ ಹುಡುಗಿಯ ಪಾತ್ರದಲ್ಲಿ ಮಗಳು ಹೆಲರ್ ಕೂಡ ಇದ್ದಳು.

ನ್ಯೂಯಾರ್ಕಿನಲ್ಲಿ 152 ಪ್ರದರ್ಶನಗಳಾದ ಮೇಲೆ ನಾಟಕ 1955ರ ಫೆಬ್ರವರಿ 26ರಂದು ಮುಗಿಯಿತು. ಒಂಬತ್ತು ದಿನ ಕಳೆದು ಇಡೀ ತಂಡ ಎನ್‌ಬಿಸಿಯ ಸ್ಟುಡಿಯೊದಲ್ಲಿ ಅದನ್ನು ಮತ್ತೆ ಆಡಿತು, ಕ್ಯಾಮೆರಾದ ಮುಂದೆ, ನೇರ ಪ್ರಸಾರದಲ್ಲಿ, ಬಣ್ಣದಲ್ಲಿ. ತಪ್ಪಿದರೆ ತಿದ್ದುವ ಅವಕಾಶ ಇಲ್ಲ. ಆ ಒಂದು ರಾತ್ರಿ ಸುಮಾರು 6.5 ಕೋಟಿ ಜನ ನೋಡಿದರು ಎಂದು ಲೆಕ್ಕ ಹಾಕಿದರು. ಯಾವುದೇ ಟಿ.ವಿ. ಕಾರ್ಯಕ್ರಮಕ್ಕೆ ಅಲ್ಲಿಯವರೆಗೆ ಅಷ್ಟು ಜನ ಕೂತಿರಲಿಲ್ಲ. 152 ರಾತ್ರಿಗಳಲ್ಲಿ ರಂಗಮಂದಿರಕ್ಕೆ ಬಂದವರನ್ನೆಲ್ಲ ಕೂಡಿಸಿದರೂ ಅದರ ಒಂದು ಮೂಲೆಗೂ ಸಾಲದು. ಆ ವರ್ಷ ರಂಗಭೂಮಿಯ ಟೋನಿ, ಟಿ.ವಿ.ಯ ಎಮ್ಮಿ ಎರಡೂ ಅದೇ ಪಾತ್ರಕ್ಕೆ ಬಂದವು. ಜನ ಬಿಡಲಿಲ್ಲ. 1956ರ ಜನವರಿಯಲ್ಲಿ ಮತ್ತೆ ನೇರ ಪ್ರಸಾರ ಮಾಡಿದರು. 1960ರ ಡಿಸೆಂಬರ್‌ನಲ್ಲಿ ಮೂರನೆಯ ಬಾರಿ, ಈ ಸಲ ಬಣ್ಣದ ವಿಡಿಯೊ ಟೇಪಿನಲ್ಲಿ ಹಿಡಿದಿಟ್ಟರು. ಆಗ ಮೇರಿಗೆ ನಲವತ್ತೇಳು. ಆ ಟೇಪನ್ನು ನಾವು ಈಗಲೂ ನೋಡಬಹುದು.

ಹಗಲು ಹುಡುಗನಾಗಿ ಹಾರಿದ ಆ ದಿನಗಳಲ್ಲೇ ರಾತ್ರಿ ಅವರು ಇನ್ನೊಂದು ಪಾತ್ರದಲ್ಲಿದ್ದರು. 1959ರ ನವೆಂಬರ್ 16ರಂದು ದಿ ಸೌಂಡ್ ಆಫ್ ಮ್ಯೂಸಿಕ್ ನಾಟಕ ಶುರುವಾಗಿತ್ತು. ಹೌದು, ನಮ್ಮ ಮಕ್ಕಳೆಲ್ಲ ಬಲ್ಲ ಅದೇ ಕಥೆ. ಸಿನಿಮಾ ಬರುವ ಆರು ವರ್ಷ ಮೊದಲು, ವೇದಿಕೆಯ ಮೇಲಿನ ಮೊದಲ ಮರಿಯಾ ನಮ್ಮ ವೆದರ್‌ಫೋರ್ಡಿನ ಮೇರಿ. ಸಾಗರದ ಹೈಸ್ಕೂಲಿನಲ್ಲಿ ನಮ್ಮ ಇಂಗ್ಲಿಷ್ ಮೇಡಂ ಅದರ ಹಾಡೊಂದನ್ನು ಕಲಿಸಿದ್ದರು. ಆ ಹಾಡು ಯಾರ ಕಂಠದಿಂದ ಮೊದಲು ಜನರ ಕಿವಿಗೆ ಬಿತ್ತೋ ಆ ಊರಿನ ಹತ್ತಿರ ಒಂದು ದಿನ ಮನೆ ಮಾಡುತ್ತೇನೆಂದು ಆಗ ಯಾರು ಬಲ್ಲರು? 1960ರಲ್ಲಿ ಮತ್ತೆ ಟೋನಿ. ಆದರೆ ಸಿನಿಮಾ ಮಾಡುವಾಗ ಆ ಪಾತ್ರ ಜೂಲಿ ಆ್ಯಂಡ್ರೂಸ್ ಅವರಿಗೆ ಹೋಯಿತು. ಸೌತ್ ಪೆಸಿಫಿಕ್ ಸಿನಿಮಾ ಆದಾಗಲೂ ಪಾತ್ರ ಇನ್ನೊಬ್ಬರ ಪಾಲಾಗಿತ್ತು. ಇಂದು ಜಗತ್ತು ಮರಿಯಾ ಎಂದರೆ ನೆನೆಯುವ ಮುಖ ಬೇರೆ. ರಂಗಭೂಮಿಯ ದುಃಖವೇ ಇದು: ಆಡಿದ್ದು ಆಡಿದ ರಾತ್ರಿಗೇ ಮುಗಿಯುತ್ತದೆ.

ಆಮೇಲೂ ಅವರು ನಿಲ್ಲಲಿಲ್ಲ. 1965ರಲ್ಲಿ ಹಲೋ ಡಾಲಿ ನಾಟಕವನ್ನು ಜಪಾನಿಗೂ, ಯುದ್ಧ ನಡೆಯುತ್ತಿದ್ದ ವಿಯೆಟ್ನಾಂನಲ್ಲಿ ಸೈನಿಕರ ಮುಂದೆಯೂ ಆಡಿದರು. 1966ರಲ್ಲಿ ಇಬ್ಬರೇ ಪಾತ್ರಧಾರಿಗಳ ಐ ಡು ಐ ಡು ನಾಟಕ, ಒಂದು ದಾಂಪತ್ಯದ ಐವತ್ತು ವರ್ಷಗಳ ಕಥೆ. ನಡುನಡುವೆ ಗಂಡನೊಡನೆ ಬ್ರೆಜಿಲ್‌ನ ತೋಟದಲ್ಲಿ ಕೋಳಿ ಸಾಕಿಕೊಂಡು, ಸಸಿ ನೆಟ್ಟುಕೊಂಡು ಇದ್ದರು. 1973ರಲ್ಲಿ ಹ್ಯಾಲಿಡೇ ತೀರಿಕೊಂಡರು. ಎಂಬತ್ತರ ದಶಕದ ಆರಂಭದಲ್ಲಿ ಮುಪ್ಪಿನ ಬದುಕಿನ ಬಗ್ಗೆ ಓವರ್ ಈಸಿ ಎಂಬ ಟಿ.ವಿ. ಕಾರ್ಯಕ್ರಮ ನಡೆಸಿಕೊಟ್ಟರು. 1982ರ ಸೆಪ್ಟೆಂಬರ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಅವರಿದ್ದ ಟ್ಯಾಕ್ಸಿಗೆ ಕುಡಿದು ಓಡಿಸುತ್ತಿದ್ದವನೊಬ್ಬನ ವ್ಯಾನು ಗುದ್ದಿತು. ಜೊತೆಗಿದ್ದ ಸ್ನೇಹಿತರೊಬ್ಬರು ಸತ್ತರು. ಗೆಳತಿ, ನಟಿ ಜಾನೆಟ್ ಗೇನರ್ ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. ಮೇರಿಯ ಪಕ್ಕೆಲುಬು, ಸೊಂಟದ ಮೂಳೆ ಮುರಿದವು. ಆದರೂ 1986ರಲ್ಲಿ, ಎಪ್ಪತ್ತೆರಡರ ವಯಸ್ಸಿನಲ್ಲಿ, ಕ್ಯಾರಲ್ ಚಾನಿಂಗ್ ಅವರ ಜೊತೆ ಲೆಜೆಂಡ್ಸ್ ನಾಟಕದ ಪ್ರವಾಸಕ್ಕೆ ಹೊರಟರು. ಆ ಪ್ರವಾಸವೂ ಶುರುವಾದದ್ದು ನಮ್ಮ ಡಾಲಸ್‌ನಿಂದ. ಮಾತು ನೆನಪಿಗೆ ಬಾರದಿದ್ದರೆ ಹೇಳಿಕೊಡಲು ಕಿವಿಯೊಳಗೆ ಪುಟ್ಟ ಯಂತ್ರವೊಂದಿತ್ತು. ವೇದಿಕೆ ಮಾತ್ರ ಬಿಡಲಿಲ್ಲ. 1990ರ ನವೆಂಬರ್ 3ರಂದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಮಣ್ಣಾದದ್ದು ಮಾತ್ರ ವೆದರ್‌ಫೋರ್ಡ್‌ನಲ್ಲಿ.

ಮಗನ ಕಥೆ ಹೇಳದೆ ತಾಯಿಯ ಕಥೆ ಮುಗಿಯುವುದಿಲ್ಲ. ಲ್ಯಾರಿ ಅಜ್ಜಿಯ ಆಸರೆಯಲ್ಲಿ ಬೆಳೆದರು. ಅಜ್ಜಿ ತೀರಿಕೊಂಡ ಮೇಲೆ ತಾಯಿಯ ಬಳಿಗೆ ಹೋದರು, ಆದರೆ ಮಲತಂದೆಯ ಜೊತೆ ಹೊಂದಲಿಲ್ಲ. ತಂದೆಯಿದ್ದ ವೆದರ್‌ಫೋರ್ಡ್‌ಗೇ ವಾಪಸಾಗಿ ಅಲ್ಲಿ ಹೈಸ್ಕೂಲು ಮುಗಿಸಿದರು. 1950ರಲ್ಲಿ ಡಾಲಸ್‌ನಲ್ಲಿ ಮಾರ್ಗೊ ಜೋನ್ಸ್ ಅವರ ಅದೇ ರಂಗಮಂದಿರದಲ್ಲಿ ಸಣ್ಣಪುಟ್ಟ ಕೆಲಸ ಮಾಡಿದರು. ಮುಂದಿನ ವರ್ಷ ಲಂಡನ್ನಿನಲ್ಲಿ ತಾಯಿಯ ನಾಟಕದ ಗುಂಪಿನಲ್ಲಿ ಒಬ್ಬರಾಗಿ ನಿಂತರು. 1980ರ ನವೆಂಬರ್ 21ರಂದು ಜೆ. ಆರ್.ಗೆ ಗುಂಡು ಹೊಡೆದವರು ಯಾರು ಎಂಬ ಕಂತನ್ನು ಅಮೆರಿಕದಲ್ಲಿ ಸುಮಾರು 8.3 ಕೋಟಿ ಜನ ನೋಡಿದರು. ತಾಯಿಯ ಲೆಕ್ಕವನ್ನು ಮಗ ದಾಟಿದ್ದ. ತಾಯಿ ಮಗನ ನಡುವಿನ ದೂರ ವರ್ಷ ಕಳೆದಂತೆ ಕಡಿಮೆಯಾಯಿತು. 2012ರ ನವೆಂಬರ್‌ನಲ್ಲಿ ಅವರು ತೀರಿಕೊಂಡದ್ದೂ ಡಾಲಸ್‌ನಲ್ಲೇ.

ಈಗ ನನ್ನ ಮಾತು. ಈ ಸಲ ಪದವಿ ಪಡೆಯುತ್ತಿರುವವರಲ್ಲಿ ನನ್ನ ಮಗಳೂ ಇದ್ದಾಳೆ. ಅವಳು ಒಂದೂವರೆ ವರ್ಷದವಳಿದ್ದಾಗ ನಾವು ಈ ದೇಶಕ್ಕೆ ಬಂದೆವು. ನನಗೆ ಹ್ಯೂಸ್ಟನ್‌ನಲ್ಲಿ ಕೆಲಸ, ಅವಳ ಅಪ್ಪನಿಗೆ ಆಸ್ಟಿನ್‌ನಲ್ಲಿ. ಎರಡು ಊರು, ಎರಡು ಬಾಡಿಗೆ ಮನೆ, ವಾರಕ್ಕೊಮ್ಮೆ ಬಸ್ಸು. ಕೂಸನ್ನು ಸಾಗರದಲ್ಲಿ ನನ್ನ ಅಮ್ಮನ ಬಳಿ ಬಿಟ್ಟು ಬಂದಿದ್ದೆ. ಆರು ತಿಂಗಳು ಎಂದುಕೊಂಡದ್ದು ಎರಡೂವರೆ ವರ್ಷವಾಯಿತು. ಆ ಎರಡೂವರೆ ವರ್ಷವನ್ನು ನಾನು ಯಾರ ಮುಂದೆಯೂ ಹೇಳಿಕೊಂಡವಳಲ್ಲ. ಹೇಳಿಕೊಳ್ಳಲು ನನಗೆ ಮೇರಿ ಮಾರ್ಟಿನ್ ಅವರ ಹೆಸರೂ ಇರಲಿಲ್ಲ, ಹಾಡೂ ಇರಲಿಲ್ಲ. ಅವರು ಮಗನನ್ನು ಬಿಟ್ಟು ಹೋಗಿ ಏನೋ ಒಂದು ಸಾಧಿಸಿದರು. ನಾನು ಕ್ಯೂಬಿಕಲ್‌ನಲ್ಲಿ ಕೂತಿದ್ದೆ.

ಏಪ್ರಿಲ್‌ನ ಒಂದು ಭಾನುವಾರ ಮಗಳನ್ನು ಕರೆದುಕೊಂಡು ವೆದರ್‌ಫೋರ್ಡ್‌ಗೆ ಹೋದೆ. ದಾರಿಯ ಬದಿಗೆ ಬ್ಲೂಬಾನೆಟ್ ಹೂವು ಅರಳಿದ್ದವು. ಊರಿನ ಸಾರ್ವಜನಿಕ ಗ್ರಂಥಾಲಯದ ಮುಂದೆ ಪೀಟರ್ ಪ್ಯಾನ್ ವೇಷದ ಕಂಚಿನ ಮೇರಿ ನಿಂತಿದ್ದಾರೆ. ಅಂದು ಗ್ರಂಥಾಲಯ ಮುಚ್ಚಿತ್ತು, ನಾವಿಬ್ಬರೇ. ನಾನು ಮೇರಿಯ ಕಥೆ ಹೇಳುತ್ತ ಹೇಳುತ್ತ ಲ್ಯಾರಿ ಅಜ್ಜಿಯ ಹತ್ತಿರ ಬೆಳೆದದ್ದಕ್ಕೆ ಬಂದೆ. ಆಮೇಲೆ ಮಾತು ಮುಂದೆ ಹೋಗಲಿಲ್ಲ. ಕೊನೆಗೆ, ನಿನ್ನನ್ನು ಬಿಟ್ಟು ಬಂದದ್ದಕ್ಕೆ ನನ್ನ ಮೇಲೆ ಸಿಟ್ಟಿದೆಯಾ ಎಂದು ಕೇಳಿಯೇಬಿಟ್ಟೆ.

ಅವಳು ಎಂತಕೆ ಅಮ್ಮ ಎಂದಳು. ಇಲ್ಲೇ ಹುಟ್ಟಿದ ಮಕ್ಕಳು ಯಾಕೆ ಎನ್ನುತ್ತಾರೆ; ನನ್ನ ಮಗಳ ಬಾಯಲ್ಲಿ ಇಂದಿಗೂ ಅಜ್ಜಿಯ ಎಂತಕೆ. ಆಮೇಲೆ ಅವಳು ಹೇಳಿದ್ದು ನಾನು ಎಂದೂ ಯೋಚಿಸದ ವಿಷಯ. ನಾನು ಬಿಟ್ಟು ಹೋದದ್ದು ಅವಳಿಗೆ ನೆನಪೇ ಇಲ್ಲ. ಅವಳಿಗೆ ನೆನಪಿರುವುದು ನಾನು ಬಂದು ಅಜ್ಜಿಯಿಂದ ಬಿಡಿಸಿ ಕರೆತಂದದ್ದು. ಬಸ್ಸಿನ ಕಿಟಕಿಯಿಂದ ಅಜ್ಜಿ ಸಣ್ಣದಾಗುತ್ತ ಹೋದದ್ದು. ಟೆಕ್ಸಸ್‌ಗೆ ಬಂದ ಮೇಲೆ ಅಜ್ಜಿಯ ಮಾತು ಕೇಳಿಸುತ್ತಿದ್ದದ್ದು ವಾರಕ್ಕೆ ಒಂದೇ ಕಡೆ, ಕನ್ನಡ ಶಾಲೆಯಲ್ಲಿ. ಅದಕ್ಕೇ ಹದಿಮೂರು ವರ್ಷ ಒಂದು ಶನಿವಾರವನ್ನೂ ತಪ್ಪಿಸಲು ಅವಳು ಬಿಡಲಿಲ್ಲವಂತೆ. ನನ್ನ ಒತ್ತಾಯಕ್ಕೆ ಬರುತ್ತಾಳೆ ಎಂದು ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ!

ಆ ಕಂಚಿನ ಪ್ರತಿಮೆಯ ಬುಡದಲ್ಲಿ ಅಮ್ಮ ಮಗಳು ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಆಮೇಲೆ ಸಾಗರಕ್ಕೆ ಫೋನ್ ಮಾಡಿದೆವು. ಅಲ್ಲಿ ಆಗ ರಾತ್ರಿ, ಅಮ್ಮ ನಿದ್ದೆಯಿಂದ ಎದ್ದು ಗಾಬರಿಯಾದಳು. ಏನೂ ಇಲ್ಲ ಅಜ್ಜಿ, ಸುಮ್ಮನೆ ಮಾಡಿದೆ ಎಂದು ಮೊಮ್ಮಗಳು ಹೇಳಿದ್ದು ಅಪ್ಪಟ ಮಲೆನಾಡಿನ ಕನ್ನಡದಲ್ಲಿ.

ಪ್ರೀತಿಯ ಮಕ್ಕಳೇ, ಆಗಸ್ಟ್ ಬಂದರೆ ನಿಮ್ಮಲ್ಲಿ ಕೆಲವರು ಆಸ್ಟಿನ್‌ಗೆ, ಕೆಲವರು ಹ್ಯೂಸ್ಟನ್‌ಗೆ, ಇನ್ನು ಕೆಲವರು ಎಲ್ಲೆಲ್ಲಿಗೋ ಓದಲು ಹೊರಡುತ್ತೀರಿ. ಅಲ್ಲಿ ಶನಿವಾರ ನಿಮ್ಮನ್ನು ಎಬ್ಬಿಸಿ ಕನ್ನಡ ಶಾಲೆಗೆ ತಂದು ಬಿಡುವವರು ಯಾರೂ ಇರುವುದಿಲ್ಲ. ಮೇರಿ ಮಾರ್ಟಿನ್ ಸಾವಿರಾರು ರಾತ್ರಿ ಆಡಿದ ನಾಟಕಗಳಲ್ಲಿ ನಮಗೆ ಉಳಿದದ್ದು ಟೇಪಿನ ಮೇಲೆ ಹಿಡಿದಿಟ್ಟ ಸ್ವಲ್ಪವೇ. ಉಳಿದದ್ದೆಲ್ಲ ಅಂದು ಎದುರು ಕೂತು ಕೇಳಿದವರ ಜೊತೆ ಹೋಯಿತು. ಮನೆಮಾತೂ ಹಾಗೆಯೇ. ಪುಸ್ತಕದಲ್ಲಿ, ಫೋನಿನಲ್ಲಿ ಎಷ್ಟೇ ಇಟ್ಟುಕೊಂಡರೂ ಎದುರಿಗೆ ಒಬ್ಬರು ಬೇಕು, ಅವರ ಮುಂದೆ ಬಾಯಿ ತೆರೆದು ಆಡಬೇಕು. ತಪ್ಪಿದರೆ ತಪ್ಪಲಿ. ಯಾವ ಶ್ರುತಿ ಎಂದು ಗೊತ್ತಿಲ್ಲದೆಯೂ ಹಾಡಿದ ವೆದರ್‌ಫೋರ್ಡಿನ ಹುಡುಗಿಯನ್ನು ನೆನಪಿಸಿಕೊಳ್ಳಿ.

ವಾರಕ್ಕೊಮ್ಮೆ ಅಜ್ಜಿಗೆ ಫೋನ್ ಮಾಡಿ. ಅಜ್ಜಿ ಇಲ್ಲದವರು ನನಗೆ ಮಾಡಿ. ನಿಮಗೆಲ್ಲ ಒಳ್ಳೆಯದಾಗಲಿ.